ವೀಡ್ ಕಟರ್ ಸ್ಟಾರ್ಟ್ ಆಗದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಕಿಡಿ ನೋಡಲು ಹೋಗಬೇಡಿ

ಮಳೆಗಾಲ ಮುಗಿದು ಎಲ್ಲರೂ ಅಟ್ಟದಿಂದ ಹುಲ್ಲು ಹೊಡೆಯುವ ಮಿಷನ್, ಅಂದರೆ ವೀಡ್ ಕಟರ್ ಇಳಿಸುವ ಹೊತ್ತಿದು. ಅದಕ್ಕೇ ತಡ ಮಾಡದೆ ಬರೆಯುತ್ತಿದ್ದೇನೆ. ಹೋದ ತಿಂಗಳು ನಮ್ಮ ಅಂಗಳದಲ್ಲಿ ಒಬ್ಬ ಹುಡುಗನ ಕೈ ಸುಟ್ಟುಹೋಯಿತು.

ನಮ್ಮದು ಸಾಗರದ ಹತ್ತಿರ ಒಂದೂವರೆ ಎಕರೆ ಅಡಿಕೆ ತೋಟ. ಮೇ ಕೊನೆಗೆ ಹುಲ್ಲು ಹೊಡೆಸಿದ ಮೇಲೆ ಮಿಷನ್ ಒರೆಸಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ್ದೆ. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಉಳಿದಿತ್ತು. ಆಯಿಲ್ ಬೆರೆಸಿದ ಪೆಟ್ರೋಲ್ ಚೆಲ್ಲಲು ಮನಸ್ಸು ಬರಲಿಲ್ಲ, ಹಾಗೇ ಬಿಟ್ಟೆ.

ಸೆಪ್ಟೆಂಬರ್ ಕೊನೆಗೆ ಇಳಿಸಿದೆವು. ಅಡಿಕೆ ಕೊನೆಕೊಯ್ಲಿನ ಒಳಗೆ ತೋಟ ಚೊಕ್ಕಟ ಆಗಬೇಕೆಂಬ ಅವಸರ. ಪಕ್ಕದ ಊರಿನ ಹುಡುಗ ಬಂದಿದ್ದ, ಇಪ್ಪತ್ತೆರಡು ವರ್ಷ, ಮಿಷನ್ ಕೆಲಸದಲ್ಲಿ ಪಳಗಿದ ಕೈ. ಪೆಟ್ರೋಲ್ ಮೇಲೆತ್ತುವ ಪ್ರೈಮರ್ ಒತ್ತಿ, ಗಾಳಿ ತಡೆದು ಪೆಟ್ರೋಲ್ ಹೆಚ್ಚು ಬಿಡುವ ಚೋಕ್ ಹಾಕಿ ಹಗ್ಗ ಎಳೆದದ್ದೇ ಎಳೆದದ್ದು. ಒಮ್ಮೆ ಪುಸಕ್ ಅಂದಿತೇ ಹೊರತು ಹಿಡಿಯಲಿಲ್ಲ. ಅವನು ಸೋತಾಗ ನಾನು, ನಾನು ಸೋತಾಗ ಅವನು. ಚೋಕ್ ತೆಗೆಯುವ ನೆನಪೂ ಆಗದೆ ಎಳೆದು ಎಳೆದು ಓವರ್‌ಫ್ಲೋ ಮಾಡಿದೆವು. ಸೈಲೆನ್ಸರ್ ಬಾಯಲ್ಲಿ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು.

"ಅಣ್ಣಾ, ಪ್ಲಗ್ಗಿಗೆ ಕರೆಂಟ್ ಬರ್ತದಾ ನೋಡ್ತೀನಿ, ನೀವೊಂದು ಸಲ ಎಳೀರಿ" ಅಂದ. ಇಂಜಿನ್ನಿನ ಒಳಗೆ ಕಿಡಿ ಹಾರಿಸುವ ಆ ಪ್ಲಗ್ ಬಿಚ್ಚಿದ, ಅದಕ್ಕೆ ಕರೆಂಟ್ ತರುವ ವಯರಿನ ಕ್ಯಾಪಿಗೆ ಸಿಕ್ಕಿಸಿದ, ಕೈಯಲ್ಲಿ ಹಿಡಿದು ಸಿಲಿಂಡರಿನ ಮೇಲೆ ಒತ್ತಿದ. ಪ್ಲಗ್ ಇದ್ದ ತೂತಿಗೂ ಅವನ ಬೆರಳಿಗೂ ನಾಲ್ಕು ಇಂಚು ದೂರ. ನಾನು ಹಗ್ಗ ಎಳೆದೆ. ಒಳಗೆ ತುಂಬಿದ್ದ ಪೆಟ್ರೋಲ್ ತೂತಿನಿಂದ ಮಂಜಿನ ಹಾಗೆ ಹಾರಿತು, ಅದೇ ಗಳಿಗೆಗೆ ಕಿಡಿಯೂ ಬಂತು. ಭಗ್ ಅಂತ ಹತ್ತಿದ ಬೆಂಕಿ ಅವನ ಬಲಗೈಯನ್ನು ಮಣಿಕಟ್ಟಿನವರೆಗೆ ಸುತ್ತಿತು.

ಮಿಷನ್ನಿನ ಮೇಲಿನ ಬೆಂಕಿಗೆ ಹಸಿ ಗೋಣಿತಾಟು ಹಾಕಿದೆ. ಪೆಟ್ರೋಲ್ ಕ್ಯಾನು ಹತ್ತು ಅಡಿ ಆಚೆ ಇತ್ತು. ಹತ್ತಿರ ಇದ್ದಿದ್ದರೆ ಏನಾಗುತ್ತಿತ್ತೋ ನೆನೆಸಿಕೊಂಡರೆ ಈಗಲೂ ಕೈಕಾಲು ನಡುಗುತ್ತದೆ. ಅಮ್ಮ ಜೇನುತುಪ್ಪ ತಂದಳು. ಹಚ್ಚಲು ಬಿಡದೆ ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೇ ಅವನ ಕೈ ಹಿಡಿಸಿ, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನೀರು ಬಿಟ್ಟು ಬೇರೇನೂ ಹಚ್ಚದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಮೂರು ಬೆರಳಿಗೆ ಬೊಕ್ಕೆ ಎದ್ದಿತ್ತು. ಹಗ್ಗ ಎಳೆದವನು ನಾನು. ಬೇಡ ಅನ್ನಬೇಕಾಗಿದ್ದವನೂ ನಾನೇ.

ಮಾರನೇ ದಿನ ಪೇಟೆಯ ಮೆಕ್ಯಾನಿಕ್ ಮಿಷನ್ ಬಿಚ್ಚುವ ಗೋಜಿಗೇ ಹೋಗಲಿಲ್ಲ. ಟ್ಯಾಂಕಿನ ಪೆಟ್ರೋಲನ್ನು ಖಾಲಿ ನೀರಿನ ಬಾಟಲಿಗೆ ಸುರಿದು ಬೆಳಕಿಗೆ ಹಿಡಿದ. ಮೇಲೆ ಪೆಟ್ರೋಲಿಗೆ ಬೆರೆಸಿದ್ದ 2ಟಿ (ಟೂ ಸ್ಟ್ರೋಕ್) ಆಯಿಲ್‌ನ ನಸುನೀಲಿ ಬಣ್ಣ, ಕೆಳಗೆ ಎರಡು ಬೆರಳಿನಷ್ಟು ಮಬ್ಬು ನೀರು, ನಡುವೆ ಗೆರೆ ಎಳೆದ ಹಾಗೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಬರವೇ? ನೀರು ಹೆಚ್ಚಾದಾಗ ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಒಳಗಿನ ಫಿಲ್ಟರ್ ಕೂತಿರುವುದೂ ತಳದಲ್ಲೇ, ಹಾಗಾಗಿ ಇಂಜಿನ್ನಿಗೆ ಮೊದಲು ಹೋಗುವುದೇ ಆ ನೀರು. ಆಯಿಲ್ ಮೇಲಿನ ಪದರದಲ್ಲೇ ಉಳಿಯುವುದರಿಂದ, ಎಲ್ಲಾದರೂ ಸ್ಟಾರ್ಟ್ ಆಗಿದ್ದರೂ ಆಯಿಲ್ ಸಿಗದೆ ಪಿಸ್ಟನ್ ಜಾಮ್ ಆಗುವ ಸಾಧ್ಯತೆ ಇತ್ತು. ಆವಿಯಾಗಿ ಉಳಿದ ಅಂಟು ಕಾರ್ಬೊರೇಟರಿನ ಸಣ್ಣ ತೂತುಗಳಿಗೂ ಕೂತಿತ್ತು.

ಹಾಗಾಗಿ ಮಿಷನ್ ಕೆಳಗಿಳಿಸಿದ ಕೂಡಲೇ, ಹಗ್ಗ ಮುಟ್ಟುವ ಮೊದಲು, ಹಳೇ ಪೆಟ್ರೋಲ್ ಪೂರ್ತಿ ತೆಗೆಯಿರಿ. ಹೊಸದು ಹಾಕಿ. ಏರ್ ಫಿಲ್ಟರ್ ನೋಡಿ, ಸೈಲೆನ್ಸರ್ ಬಾಯಿಗೆ ಕಡ್ಡಿ ಹಾಕಿ ನೋಡಿ. ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿದ್ದನ್ನು ನಾನೇ ಒಂದು ವರ್ಷ ತೆಗೆದಿದ್ದೇನೆ. ಹತ್ತು ಸಲ ಎಳೆದರೂ ಹಿಡಿಯದಿದ್ದರೆ ನಿಲ್ಲಿಸಿ. ಪ್ಲಗ್ ಒದ್ದೆಯಾಗಿದ್ದರೆ ತೆಗೆದು ಒರೆಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸದೆ ಪಕ್ಕಕ್ಕಿಟ್ಟು, ತೂತಿಗೆ ಬಟ್ಟೆ ಅಡ್ಡ ಹಿಡಿದು ಐದಾರು ಸಲ ಎಳೆದು ಒಳಗಿನದನ್ನು ಹೊರಹಾಕಿ. ಅರ್ಧ ಗಂಟೆ ಹಾಗೇ ಬಿಡಿ. ಪ್ಲಗ್ ಮೇಲೆ ಅನುಮಾನ ಇದ್ದರೆ ಹೊಸದನ್ನೇ ಹಾಕಿ, 100–150 ರೂಪಾಯಿ ಅಷ್ಟೇ. ಕಿಡಿ ನೋಡುವ ಕೆಲಸ ಅಂಗಡಿಯವರಿಗೆ ಬಿಡಿ.

"ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿ, ಕೂಡಲೇ ಎತ್ಕಳ್ತದೆ" ಎಂದು ಫೋನಿನಲ್ಲಿ ಹೇಳುವವರು ಇರುತ್ತಾರೆ. ನನಗೂ ಹೇಳಿದರು. ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನ ಜೊತೆ ಹೋಗುವ ಆಯಿಲ್ ಬಿಟ್ಟರೆ ಬೇರೆ ಆಯಿಲ್ ಇಲ್ಲ. ಲೀಟರಿಗೆ 20 ಎಂಎಲ್ಲೋ 40 ಎಂಎಲ್ಲೋ ಎಂಬುದು ಮಿಷನ್ನಿನ ಮೇಲೆ ಹೋಗುತ್ತದೆ, ಪುಸ್ತಕದಲ್ಲಿ ಇದ್ದಷ್ಟೇ ಹಾಕಿ. ಫೋರ್ ಸ್ಟ್ರೋಕ್ ಆದರೆ ಬೆರೆಸುವಂತಿಲ್ಲ, ಅದರ ಆಯಿಲ್ ಬೇರೆ ಜಾಗಕ್ಕೆ. ಬೆರೆಸಿದ್ದನ್ನು ತಿಂಗಳಿಗಿಂತ ಹೆಚ್ಚು ಇಡಬೇಡಿ. ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ.

ಹುಡುಗನ ಆಸ್ಪತ್ರೆ ಖರ್ಚು, ಕೆಲಸ ತಪ್ಪಿದ ದಿನಗಳ ಕೂಲಿ ನಾನೇ ಕೊಟ್ಟೆ. ಮೊನ್ನೆ ಬಂದಿದ್ದ. ಬೆರಳುಗಳ ಮೇಲೆ ಹೊಸ ಚರ್ಮ ತೆಳ್ಳಗೆ, ಗುಲಾಬಿ ಬಣ್ಣಕ್ಕೆ ಬಂದಿದೆ. ಮುಷ್ಟಿ ಕಟ್ಟಿದರೆ ಇನ್ನೂ ಎಳೆಯುತ್ತದೆ ಅಂದ.