ನಾಲ್ಕು ತಿಂಗಳು ಒಟ್ಟಿಗೋ, ವಾರಕ್ಕೊಂದು ದಿನವೋ: ಹೊಸ ವೈದ್ಯರ ಸಂಶೋಧನಾ ತರಬೇತಿಯ ಎರಡು ರೂಪಗಳು

ಬ್ರಿಟನ್ನಿನಲ್ಲಿ ವೈದ್ಯಕೀಯ ಪದವಿ ಮುಗಿಸಿದವರು ಆಸ್ಪತ್ರೆಯಲ್ಲಿ ಮೊದಲ 2 ವರ್ಷ ಫೌಂಡೇಶನ್ ತರಬೇತಿ ಪಡೆಯುತ್ತಾರೆ. 2005ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಮೊದಲ ವರ್ಷಕ್ಕೆ ಎಫ್1, ಎರಡನೆಯ ವರ್ಷಕ್ಕೆ ಎಫ್2 ಎಂದು ಹೆಸರು. ವರ್ಷಕ್ಕೆ ಮೂರರಂತೆ ನಾಲ್ಕು ನಾಲ್ಕು ತಿಂಗಳ ಆರು ಪೋಸ್ಟಿಂಗ್‌ಗಳಿರುವುದು ಸಾಮಾನ್ಯ. ಇವುಗಳ ಪೈಕಿ ಸಣ್ಣದೊಂದು ಪಾಲಿನ ಹುದ್ದೆಗಳಲ್ಲಿ ಸಂಶೋಧನೆಗೆ, ಬೋಧನೆಗೆ ಅಥವಾ ಆಡಳಿತದ ಕಲಿಕೆಗೆಂದು ಪ್ರತ್ಯೇಕ ಸಮಯವನ್ನು ಮೀಸಲಿಟ್ಟಿರುತ್ತಾರೆ. ಮೊದಲು ಅಕಾಡೆಮಿಕ್ ಫೌಂಡೇಶನ್ ಪ್ರೋಗ್ರಾಮ್ ಎಂದು ಕರೆಯುತ್ತಿದ್ದ ಈ ವ್ಯವಸ್ಥೆಗೆ ಆಮೇಲೆ ಸ್ಪೆಷಲೈಸ್ಡ್ ಫೌಂಡೇಶನ್ ಪ್ರೋಗ್ರಾಮ್ ಎಂಬ ಹೆಸರು ಬಂದಿದೆ. ಮೀಸಲು ಸಮಯ ಮುಖ್ಯವಾಗಿ ಎರಡು ರೂಪದಲ್ಲಿ ಸಿಗುತ್ತದೆ: ಎಫ್2ರಲ್ಲಿ ಒಂದು ಪೋಸ್ಟಿಂಗ್ ಪೂರ್ತಿ, ಅಂದರೆ ನಾಲ್ಕು ತಿಂಗಳು ಒಟ್ಟಿಗೆ, ಇಲ್ಲವೇ ವರ್ಷವಿಡೀ ವಾರಕ್ಕೊಂದು ದಿನ. ಅರ್ಜಿ ಹಾಕುವಾಗ ಬಹಳಷ್ಟು ಮಂದಿ ಊರು, ಆಸ್ಪತ್ರೆ, ವಿಭಾಗ ಇವುಗಳನ್ನು ನೋಡಿ ಆಯ್ಕೆ ಮಾಡುತ್ತಾರೆಯೇ ಹೊರತು ಸಮಯದ ರೂಪವನ್ನು ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ಎರಡನ್ನೂ ಅನುಭವಿಸಿದ ಮೇಲೆ, ಎಲ್ಲಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಅದನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನು ಎಫ್2ರಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ನಾಲ್ಕು ತಿಂಗಳ ಬ್ಲಾಕ್ ಮಾಡಿದೆ. ಅದಾದ ಮೇಲೆ ಅಕಾಡೆಮಿಕ್ ಕ್ಲಿನಿಕಲ್ ಫೆಲೋ ಹುದ್ದೆ ಸಿಕ್ಕಿತು. ವೈದ್ಯ-ಸಂಶೋಧಕರ ತರಬೇತಿಯ ಬಗ್ಗೆ ಮಾರ್ಕ್ ವಾಲ್‌ಪೋರ್ಟ್ ನೇತೃತ್ವದಲ್ಲಿ ಬಂದ 2005ರ ವರದಿಯ ಫಲವಾಗಿ ಹುಟ್ಟಿದ ಈ ಹುದ್ದೆಯಲ್ಲಿ ಮುಕ್ಕಾಲು ಪಾಲು ರೋಗಿಗಳ ಸೇವೆಗೆ, ಕಾಲು ಪಾಲು ಸಂಶೋಧನೆಗೆ ಮೀಸಲು. ಮೊದಲ ವರ್ಷ ಆ ಕಾಲು ಪಾಲಿನ ಬಹುಭಾಗ ನನಗೆ ಸಿಕ್ಕಿದ್ದು ಪ್ರತಿ ಗುರುವಾರದ ರೂಪದಲ್ಲಿ. ಹಾಗಾಗಿ ಒಂದೇ ವಿಷಯವನ್ನು, ಅಂದರೆ ಆಸ್ಪತ್ರೆಗೆ ದಾಖಲಾದ ವಯಸ್ಸಾದವರಲ್ಲಿ ಕಾಣಿಸಿಕೊಳ್ಳುವ ಸನ್ನಿಯನ್ನು (ಡೆಲಿರಿಯಂ, ಅಂದರೆ ಇದ್ದಕ್ಕಿದ್ದಂತೆ ಬರುವ ಮನಸ್ಸಿನ ಗೊಂದಲ), ಎರಡು ಬಗೆಯ ಸಮಯದಲ್ಲಿ ಅಧ್ಯಯನ ಮಾಡುವ ಅವಕಾಶ ನನ್ನ ಪಾಲಿಗೆ ಬಂತು.

ಮೂರನೆಯ ದಾರಿಯೊಂದಿದೆ, ಅದನ್ನು ಎಫ್1ರಲ್ಲಿ ಪ್ರಯತ್ನಿಸಿದ್ದೆ: ಯಾವ ಮೀಸಲು ಸಮಯವೂ ಇಲ್ಲದೆ, ಡ್ಯೂಟಿ ಮುಗಿದ ಮೇಲೆ ಸಂಜೆ ಕುಳಿತು ಕೆಲಸ ಮಾಡುವುದು. ವಾರ್ಡಿನಲ್ಲಿ ನಡೆಯುತ್ತಿರುವುದನ್ನು ನಿಗದಿತ ಮಾನದಂಡದೊಡನೆ ಹೋಲಿಸಿ ನೋಡುವ ಆಡಿಟ್ ಕೆಲಸಕ್ಕೆ ಇದು ಸಾಲುತ್ತದೆ, ಅದಕ್ಕೆ ಸಂಶೋಧನಾ ನೈತಿಕ ಸಮಿತಿಯ ಅನುಮತಿಯೂ ಬೇಕಿಲ್ಲ. ಅದಕ್ಕಿಂತ ದೊಡ್ಡದನ್ನು ಈ ಬಗೆಯಲ್ಲಿ ಹಮ್ಮಿಕೊಳ್ಳಬೇಡಿ ಎಂದಷ್ಟೇ ಹೇಳುತ್ತೇನೆ.

ಮೊದಲು ಲೆಕ್ಕ. ನಾಲ್ಕು ತಿಂಗಳೆಂದರೆ ಸುಮಾರು 17 ವಾರ, ಅಂದರೆ 85 ಕೆಲಸದ ದಿನ. ಆ ಅವಧಿಯ ಪಾಲಿಗೆ ಬರುವ ವಾರ್ಷಿಕ ರಜೆ ಕಳೆದರೆ 75ರ ಆಸುಪಾಸು ಉಳಿಯುತ್ತದೆ. ವಾರಕ್ಕೊಂದು ದಿನವೆಂದರೆ ವರ್ಷಕ್ಕೆ 52, ರಜೆ ಕಳೆದರೆ ಇನ್ನೂ ಕಡಿಮೆ. ಕಾಗದದ ಮೇಲೆಯೇ ಬ್ಲಾಕ್ ಮುಂದಿದೆ. ಆದರೆ ಈ ಲೆಕ್ಕವನ್ನು ನಂಬಿ ಆಯ್ಕೆ ಮಾಡಿದರೆ ಮೋಸ ಹೋಗುತ್ತೇವೆ, ಏಕೆಂದರೆ ಎರಡೂ ಕಡೆ ದಿನಗಳು ಸೋರಿಹೋಗುತ್ತವೆ ಮತ್ತು ಸೋರುವ ಬಗೆ ಬೇರೆ ಬೇರೆ.

ಬ್ಲಾಕಿನಲ್ಲಿ ದಿನಗಳನ್ನು ತಿನ್ನುವುದು ಅನುಮತಿಯ ಕಾಯುವಿಕೆ. ಸನ್ನಿಯಲ್ಲಿರುವ ರೋಗಿ ಅಧ್ಯಯನಕ್ಕೆ ತಾನೇ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿರುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2005ರ ಮೆಂಟಲ್ ಕೆಪ್ಯಾಸಿಟಿ ಕಾಯಿದೆಯ ಪ್ರಕಾರ, ಅಂಥವರನ್ನು ಅಧ್ಯಯನಕ್ಕೆ ಸೇರಿಸುವ ಮುನ್ನ ಅವರ ಮಗಳನ್ನೋ ಸಂಗಾತಿಯನ್ನೋ, ಯಾರೂ ಸಿಗದಿದ್ದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಇನ್ನೊಬ್ಬರನ್ನೋ ಕೇಳಬೇಕು: ಇವರಿಗೆ ಪ್ರಜ್ಞೆ ಸರಿಯಿದ್ದಿದ್ದರೆ ಏನು ಹೇಳುತ್ತಿದ್ದರು ಎಂದು ನಿಮಗನ್ನಿಸುತ್ತದೆ? ಅವರು ಕೊಡುವುದು ಒಪ್ಪಿಗೆಯಲ್ಲ, ಸಲಹೆ. ಈ ವ್ಯತ್ಯಾಸ ಮಾಹಿತಿ ಪತ್ರದ ಪ್ರತಿ ಸಾಲಿನಲ್ಲೂ ಸ್ಪಷ್ಟವಾಗಿರಬೇಕೆಂದು ನೈತಿಕ ಸಮಿತಿ ನಿರೀಕ್ಷಿಸುತ್ತದೆ, ನಿರೀಕ್ಷಿಸಬೇಕಾದದ್ದೇ ಸರಿ. ಪೂರ್ಣ ಪರಿಶೀಲನೆಗೆ ಸಮಿತಿಗೆ 60 ದಿನಗಳ ಗಡುವು ಇದೆ. ನಡುವೆ ಅವರು ವಿವರಣೆ ಕೇಳಿದರೆ ನಾವು ಉತ್ತರಿಸುವವರೆಗೆ ಆ ಎಣಿಕೆ ನಿಂತಿರುತ್ತದೆ. ನಾನು ಬ್ಲಾಕ್ ಶುರುವಾದ ಮೇಲೆ ಅರ್ಜಿ ಬರೆಯಲು ಕುಳಿತೆ. ಡಿಸೆಂಬರ್ ಮಧ್ಯದಲ್ಲಿ ಸಲ್ಲಿಸಿದ ಅರ್ಜಿಗೆ ಜನವರಿಯಲ್ಲಿ ಪ್ರಶ್ನೆಗಳು ಬಂದವು, ಅನುಮತಿ ಕೈಗೆ ಬಂದಾಗ ಫೆಬ್ರವರಿ ಮುಗಿಯುತ್ತಿತ್ತು. ಏಪ್ರಿಲ್ ಮೊದಲ ವಾರ ನಾನು ವಾರ್ಡಿಗೆ ಮರಳಬೇಕಿತ್ತು. ಉಳಿದ ಐದು ವಾರಗಳಲ್ಲಿ ಒಬ್ಬ ರೋಗಿಯನ್ನೂ ಸೇರಿಸಿಕೊಳ್ಳಲಾಗಲಿಲ್ಲ.

ಆದರೂ ಆ ನಾಲ್ಕು ತಿಂಗಳು ವ್ಯರ್ಥವಾಗಲಿಲ್ಲ, ಅದಕ್ಕೆ ನನ್ನ ಮಾರ್ಗದರ್ಶಕರ ದೂರದೃಷ್ಟಿ ಕಾರಣ. ಸಮಿತಿಯ ಮೊದಲ ಪ್ರಶ್ನೆಗಳು ಬಂದ ದಿನವೇ ಅವರು, ‘ಉತ್ತರ ಬರುವವರೆಗೆ ಸುಮ್ಮನೆ ಕೂರಬೇಡಿ, ಇದನ್ನು ಬಿಡಿಸಿ’ ಎಂದು, ಆಗಲೇ ಅನುಮತಿ ಪಡೆದು ಸಂಗ್ರಹಿಸಿದ್ದ, ಹೆಸರು ಗುರುತುಗಳನ್ನು ತೆಗೆದ ಹಳೆಯ ಮಾಹಿತಿಯೊಂದನ್ನು ನನಗೆ ವಹಿಸಿದರು. ಸನ್ನಿಯನ್ನು ಗುರುತಿಸಲು ಅಲ್ಲಿ ಬಳಸಿದ್ದು 4ಎಟಿ ಎಂಬ ಪರೀಕ್ಷೆ. ರೋಗಿ ಎಷ್ಟು ಎಚ್ಚರವಾಗಿದ್ದಾರೆ, ವಯಸ್ಸು ಮತ್ತು ಇಸವಿಯಂಥ ನಾಲ್ಕು ಪ್ರಶ್ನೆಗಳಿಗೆ ಏನು ಉತ್ತರಿಸುತ್ತಾರೆ, ತಿಂಗಳುಗಳ ಹೆಸರನ್ನು ಡಿಸೆಂಬರಿನಿಂದ ಹಿಮ್ಮುಖವಾಗಿ ಹೇಳಬಲ್ಲರೇ, ಸ್ಥಿತಿ ಇದ್ದಕ್ಕಿದ್ದಂತೆ ಬದಲಾಗಿದೆಯೇ ಎಂದು ನೋಡಿ 12ರವರೆಗೆ ಅಂಕ ಕೊಡುತ್ತಾರೆ. 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸನ್ನಿಯಿರಬಹುದು, 0 ಬಂದರೆ ಸಾಮಾನ್ಯವಾಗಿ ಇಲ್ಲ.

ಆ ಕಡತವನ್ನು ತೆರೆದು ಮೂರನೆಯ ದಿನ ನನಗೊಂದು ವಿಚಿತ್ರ ಕಾಣಿಸಿತು. ರಾತ್ರಿ ದಾಖಲಾದವರ ಅಂಕಣದಲ್ಲಿ ಸೊನ್ನೆಗಳು ತೀರಾ ಹೆಚ್ಚಾಗಿದ್ದವು. ನಡುರಾತ್ರಿ ಎರಡು ಗಂಟೆಗೆ ದಾಖಲಾಗುವ ಎಂಬತ್ತು ದಾಟಿದವರಲ್ಲಿ ಹಗಲಿನವರಿಗಿಂತ ಸನ್ನಿ ಕಡಿಮೆ ಎಂಬುದನ್ನು ನೈಟ್ ಡ್ಯೂಟಿ ಮಾಡಿದ ಯಾರೂ ನಂಬಲಾರರು. ಎರಡು ದಿನ ಸಾಲು ಸಾಲಾಗಿ ನೋಡುತ್ತ ಹೋದಾಗ ಕಾರಣ ಸಿಕ್ಕಿತು: ಪರೀಕ್ಷೆಯನ್ನೇ ಮಾಡದೆ ಖಾಲಿ ಬಿಟ್ಟ ಜಾಗಗಳನ್ನು, ಮಾಹಿತಿ ವರ್ಗಾಯಿಸುವಾಗ, ಯಾವುದೋ ಹಂತದಲ್ಲಿ 0 ಎಂದು ತುಂಬಲಾಗಿತ್ತು. ಮಾಡದ ಪರೀಕ್ಷೆ ‘ಸನ್ನಿ ಇಲ್ಲ’ ಎಂಬ ಫಲಿತಾಂಶವಾಗಿ ನಿಂತುಬಿಟ್ಟಿತ್ತು. ಬುಧವಾರ ಕಂಡ ಅನುಮಾನವನ್ನು ಗುರುವಾರ, ಶುಕ್ರವಾರ ಬೆನ್ನಟ್ಟುವ ಬಿಡುವಿದ್ದುದರಿಂದಲೇ ಅದು ಸಿಕ್ಕಿತು. ಇಡೀ ಕೋಷ್ಟಕ ನನ್ನ ತಲೆಯಲ್ಲಿತ್ತು, ಸ್ನಾನ ಮಾಡುವಾಗಲೂ ಅದರ ಅಂಕಣಗಳು ಕಣ್ಣ ಮುಂದಿರುತ್ತಿದ್ದವು.

ಇದಕ್ಕೆ ಎದುರಾಗಿ, ಫೆಲೋಶಿಪ್ಪಿನ ನನ್ನ ಗುರುವಾರಗಳಲ್ಲೊಂದನ್ನು ಇಟ್ಟು ನೋಡಬಹುದು. ಮೂರು ವಾರಗಳ ಅಂತರದ ನಂತರ ಬೆಳಿಗ್ಗೆ ಒಂಬತ್ತಕ್ಕೆ ಅದೇ ಬಗೆಯ ಕೋಷ್ಟಕವನ್ನು ತೆರೆದು ಕುಳಿತಿದ್ದೆ. ಒಂದು ಅಂಕಣದಲ್ಲಿ ಅಲ್ಲಲ್ಲಿ 9 ಎಂದಿತ್ತು. ಅದನ್ನು ಹಾಕಿದವಳು ನಾನೇ. ಆದರೆ 9 ಎಂದರೆ ‘ಪರೀಕ್ಷೆ ಮಾಡಿಲ್ಲ’ ಎಂದೋ ‘ರೋಗಿ ನಿರಾಕರಿಸಿದರು’ ಎಂದೋ ನೆನಪಾಗಲಿಲ್ಲ. ಹಳೆಯ ಟಿಪ್ಪಣಿ, ಮಾರ್ಗದರ್ಶಕರಿಗೆ ಬರೆದ ಮೇಲ್, ನೋಟ್‌ಬುಕ್ಕಿನ ಹಿಂದಿನ ಪುಟ ಎಲ್ಲವನ್ನೂ ಹುಡುಕಿ ಖಚಿತ ಮಾಡಿಕೊಳ್ಳುವಷ್ಟರಲ್ಲಿ ಹನ್ನೊಂದೂವರೆಯಾಗಿತ್ತು. ಮಧ್ಯಾಹ್ನ ಕೆಲಸಕ್ಕೆ ಹದ ಬರುವ ಹೊತ್ತಿಗೆ ಮರುದಿನದ ವಾರ್ಡ್ ರೌಂಡ್ ಮನಸ್ಸಿನೊಳಕ್ಕೆ ಬಂದಾಗಿತ್ತು. ವಾರಕ್ಕೊಂದು ದಿನದ ಏರ್ಪಾಡಿನಲ್ಲಿ ಪ್ರತಿ ಸಲವೂ ಮೊದಲ ಎರಡು ಗಂಟೆ ಹಿಂದಿನ ವಾರವನ್ನು ನೆನಪಿಸಿಕೊಳ್ಳುವುದಕ್ಕೇ ಹೋಗುತ್ತದೆ. ವಿಶ್ಲೇಷಣೆಗೂ ಬರವಣಿಗೆಗೂ ಇದು ಹೊಂದುವುದಿಲ್ಲ.

ಅಂತರ ಮೂರು ವಾರವಾದದ್ದೇಕೆ ಎಂಬುದನ್ನೂ ಹೇಳಬೇಕು. ಗುರುವಾರ ನನ್ನದು ಎಂದು ಒಪ್ಪಂದದಲ್ಲಿತ್ತು, ರೋಟಾದಲ್ಲಿ, ಅಂದರೆ ಡ್ಯೂಟಿ ಹಂಚುವ ಪಟ್ಟಿಯಲ್ಲಿ, ಇರಲಿಲ್ಲ. ಮೊದಲ ಹನ್ನೆರಡು ಗುರುವಾರಗಳಲ್ಲಿ ಮೂರು ನೈಟ್ ಡ್ಯೂಟಿಯ ವಾರಕ್ಕೆ ಬಿದ್ದವು, ಒಂದು ನೈಟ್ ಮುಗಿಸಿದ ಮರುದಿನದ ವಿಶ್ರಾಂತಿಗೆ ಹೋಯಿತು, ಇನ್ನೆರಡು ದಿನ ಬೆಳಿಗ್ಗೆ ಏಳೂವರೆಗೆ ಫೋನ್ ಬಂದು, ವಾರ್ಡಿನಲ್ಲಿ ಜನ ಸಾಲದು ಎಂದು ಕರೆಸಿಕೊಂಡರು. ಉಳಿದದ್ದು ಆರು. ಕರೆದವರ ಮೇಲೆ ನನಗೆ ಸಿಟ್ಟಿಲ್ಲ, ಚಳಿಗಾಲದಲ್ಲಿ ಆ ವಾರ್ಡಿನಲ್ಲಿ ನಿಜಕ್ಕೂ ಜನ ಸಾಲುತ್ತಿರಲಿಲ್ಲ. ಆದರೆ ಕಳೆದುಹೋದ ಗುರುವಾರವನ್ನು ಬೇರೊಂದು ದಿನವಾಗಿ ಹಿಂತಿರುಗಿಸುವ ಪದ್ಧತಿ ಅಲ್ಲಿ ಇರಲಿಲ್ಲ. ಅದನ್ನು ನಾನು ನೇರವಾಗಿ ಅನ್ಯಾಯವೆಂದೇ ಕರೆಯುತ್ತೇನೆ, ಏಕೆಂದರೆ ತರಬೇತಿಗೆಂದು ಹಣ ಕೊಟ್ಟು ಮೀಸಲಿಟ್ಟ ಸಮಯವದು. ಬ್ಲಾಕಿನಲ್ಲಿ ಈ ತೊಂದರೆಯಿಲ್ಲ. ವಾರ್ಡಿನ ಪಟ್ಟಿಯಲ್ಲೇ ಹೆಸರಿಲ್ಲದವರನ್ನು ಯಾರೂ ಕರೆಯುವುದಿಲ್ಲ.

ಹಾಗೆಂದು ಗುರುವಾರಗಳು ಬರಿಯ ನಷ್ಟವಲ್ಲ. ಕಾಯುವ ಕೆಲಸಗಳಿಗೆಲ್ಲ ಅವೇ ಸರಿಯಾದ ಸಮಯ. ಸಮಿತಿಯ 60 ದಿನವೆಂದರೆ ಬ್ಲಾಕಿನ ಅರ್ಧ ಭಾಗ. ವಾರಕ್ಕೊಂದು ದಿನದ ಏರ್ಪಾಡಿನಲ್ಲಿ ಅದು ಎಂಟೊಂಬತ್ತು ಗುರುವಾರ ಮಾತ್ರ. ಬಿಡಿಬಿಡಿಯಾಗಿ ಸಿಗುವ ರೋಗಿಗಳನ್ನು ವರ್ಷವಿಡೀ ಸೇರಿಸಿಕೊಳ್ಳುವುದು, ಅವರ ಮನೆಯವರಿಗೆ ಅನುಕೂಲವಾದ ದಿನ ಸಂದರ್ಶನ ಮಾಡುವುದು, ಸಂಶೋಧನಾ ತಂಡದ ವಾರದ ಸಭೆಯಲ್ಲಿ ಪರಿಚಿತ ಮುಖವಾಗಿ ಉಳಿಯುವುದು, ಇವೆಲ್ಲ ನಾಲ್ಕು ತಿಂಗಳಲ್ಲಿ ಬಂದು ಹೋಗುವವರಿಗೆ ಸಾಧ್ಯವಾಗುವುದಿಲ್ಲ. ಇನ್ನೊಂದು ಲಾಭ ನಾನು ಎಣಿಸದೆ ಬಂದದ್ದು: ಬುಧವಾರ ವಾರ್ಡಿನಲ್ಲಿ ಹುಟ್ಟಿದ ಪ್ರಶ್ನೆಯನ್ನು ಗುರುವಾರ ತಂಡದ ಮುಂದೆ ಇಡಬಹುದಿತ್ತು. ಸನ್ನಿ ಇಳಿದ ಮೇಲೆ ರೋಗಿಗಳಿಗೆ ಆ ದಿನಗಳ ಭಯಾನಕ ನೆನಪುಗಳು ಉಳಿದಿರುತ್ತವೆ ಎಂದು ಓದಿ ತಿಳಿದಿದ್ದೆ. ಆದರೆ ನಿನ್ನೆಯವರೆಗೆ ನರ್ಸ್‌ಗಳನ್ನು ಕಂಡು ಹೆದರಿ ಕೂಗುತ್ತಿದ್ದ ಅಜ್ಜಿಯೊಬ್ಬರು ಇಂದು ನನ್ನ ಕೈ ಹಿಡಿದು ಕ್ಷಮೆ ಕೇಳಿದಾಗ, ನಮ್ಮ ಪ್ರಶ್ನಾವಳಿಯಲ್ಲಿ ಆ ನಾಚಿಕೆಗೆ ಜಾಗವೇ ಇಲ್ಲವೆಂಬುದು ಹೊಳೆಯಿತು. ಮರುದಿನವೇ ಒಂದು ಪ್ರಶ್ನೆಯನ್ನು ಸೇರಿಸುವ ಪ್ರಸ್ತಾಪ ಮಾಡಿದೆ.

ಕೈಯ ಅಭ್ಯಾಸದ ವಿಷಯಕ್ಕೆ ಬಂದರೆ ಬ್ಲಾಕ್ ದುಬಾರಿ. ಫೌಂಡೇಶನ್ ತರಬೇತಿಯಲ್ಲಿ ಉಳಿದವರು 24 ತಿಂಗಳಲ್ಲಿ ಕಲಿಯುವುದನ್ನು ಬ್ಲಾಕಿನವರು 20 ತಿಂಗಳಲ್ಲಿ ಕಲಿತು ತೋರಿಸಬೇಕು. ವರ್ಷಾಂತ್ಯದ ಮೌಲ್ಯಮಾಪನದಲ್ಲಿ ರಿಯಾಯಿತಿಯಿಲ್ಲ. ಏಪ್ರಿಲ್‌ನಲ್ಲಿ ಮರಳಿದ ಮೇಲೆ ಮೊದಲ ನೈಟ್‌ನಲ್ಲಿ ರಕ್ತನಾಳಕ್ಕೆ ಕ್ಯಾನುಲಾ ಎಂಬ ಸಣ್ಣ ಕೊಳವೆ ಹಾಕಲು ಮೂರು ಸಲ ಚುಚ್ಚಬೇಕಾಯಿತು, ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್‌ನ ಪ್ರಮಾಣವನ್ನು ಮಾರ್ಗಸೂಚಿ ತೆರೆದು ಎರಡೆರಡು ಬಾರಿ ನೋಡಿದೆ. ಎರಡು ವಾರಗಳಲ್ಲಿ ಕೈ ಹಿಡಿತಕ್ಕೆ ಬಂತು, ನಿಜ. ಆದರೆ ಆ ಎರಡು ವಾರದ ಬೆಲೆ ತೆತ್ತವರು ನನ್ನ ರೋಗಿಗಳು ಮತ್ತು ಜೊತೆಗಿದ್ದ ನರ್ಸ್‌ಗಳು. ಬ್ಲಾಕಿನ ನಡುವೆ ತಿಂಗಳಿಗೆ ಒಂದೆರಡು ಆನ್‌ಕಾಲ್ ಕೇಳಿ ಪಡೆಯುವುದು ಒಳ್ಳೆಯದು. ನಾನು ಕೇಳಲಿಲ್ಲ, ಕೇಳಬೇಕಿತ್ತು. ಅದರಿಂದ ಹಣದ ತೊಂದರೆಯೂ ಸ್ವಲ್ಪ ತಗ್ಗುತ್ತದೆ, ಏಕೆಂದರೆ ರಾತ್ರಿ ಮತ್ತು ವಾರಾಂತ್ಯದ ಡ್ಯೂಟಿ ಇಲ್ಲದ ಬ್ಲಾಕಿನಲ್ಲಿ ಮೂಲ ವೇತನ ಮಾತ್ರ ಕೈಗೆ ಬರುತ್ತದೆ. ಬಾಡಿಗೆ ಗೊತ್ತುಮಾಡುವ ಮುಂಚೆಯೇ ಇದನ್ನು ವಿಚಾರಿಸಿಕೊಳ್ಳಬೇಕು.

ಎರಡರಲ್ಲಿ ಒಂದನ್ನೇ ಆರಿಸಬೇಕಾದ ಎಫ್2 ವೈದ್ಯರಿಗೆ ನಾನು ಬ್ಲಾಕನ್ನೇ ಹೇಳುತ್ತೇನೆ, ಆದರೆ ಒಂದು ಷರತ್ತಿನ ಮೇಲೆ: ಬ್ಲಾಕಿನ ಮೊದಲ ದಿನಕ್ಕೆ ಅನುಮತಿ ಕೈಯಲ್ಲಿರಬೇಕು, ಇಲ್ಲವೇ ಅನುಮತಿಯಾದ ಮಾಹಿತಿ ಕಾದಿರಬೇಕು. ಹುದ್ದೆಯ ಸಂದರ್ಶನದಲ್ಲಿ ಮಾರ್ಗದರ್ಶಕರ ಪ್ರಕಟಣೆಗಳ ಬಗ್ಗೆ ವಿಚಾರಿಸುವುದಕ್ಕಿಂತ, ಹಿಂದಿನ ವರ್ಷ ಅದೇ ಹುದ್ದೆಯಲ್ಲಿದ್ದವರನ್ನು ಹುಡುಕಿ ಮೊದಲ ರೋಗಿಯನ್ನು ಸೇರಿಸಿಕೊಂಡದ್ದು ಎಷ್ಟನೆಯ ವಾರದಲ್ಲಿ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ. ವಾರಕ್ಕೊಂದು ದಿನದ ಹುದ್ದೆಯಾದರೆ ಅವರ ರೋಟಾದ ಪ್ರತಿಯನ್ನೇ ಕೇಳಿ ನೋಡಬೇಕು. ಆ ದಿನ ಅದರಲ್ಲಿ ಅಚ್ಚಾಗಿದ್ದರೆ ಉಂಟು, ಬಾಯಿಮಾತಿನಲ್ಲಿದ್ದರೆ ಇಲ್ಲ.

ಫೆಲೋಶಿಪ್ಪಿನ ಎರಡನೆಯ ವರ್ಷ ನಾನು ಎರಡನ್ನೂ ಕೂಡಿಸಿ ಕೊಡಿ ಎಂದು ಕೇಳಿಕೊಂಡೆ: ವರ್ಷದ ಮೊದಲರ್ಧದಲ್ಲಿ ರೋಟಾದಲ್ಲೇ ಅಚ್ಚಾದ ಕೆಲವು ಗುರುವಾರಗಳು, ಕೊನೆಗೆ ಎರಡು ತಿಂಗಳ ಬ್ಲಾಕ್. ವಿಭಾಗದ ಮುಖ್ಯಸ್ಥರು ಒಪ್ಪಿದರು. ಅರ್ಜಿ, ಸಮಿತಿಯ ಪ್ರಶ್ನೆ, ತಿದ್ದುಪಡಿ ಎಲ್ಲವೂ ಗುರುವಾರಗಳಲ್ಲೇ ಮುಗಿದವು. ಬ್ಲಾಕ್ ಶುರುವಾದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ರೋಗಿಯೊಬ್ಬರ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಅವರ ಮಗಳ ಕೈಗೆ ಮಾಹಿತಿ ಪತ್ರ ಕೊಟ್ಟು, ನಿಮ್ಮ ತಂದೆಗೆ ಪ್ರಜ್ಞೆ ಸರಿಯಿದ್ದಿದ್ದರೆ ಏನು ಹೇಳುತ್ತಿದ್ದರು ಎಂದು ಮೊದಲ ಬಾರಿಗೆ ಕೇಳಿದೆ.