ವರ್ಷದ ಮಗುವಿಗೆ ಗಿರಣಿ ಅಂಗಡಿಯ ರಾಗಿ ಸರಿ: ಯಾವುದು ತರಬಹುದು, ಯಾವುದು ಬೇಡ

ದಾವಣಗೆರೆಯ ಪಿ.ಜೆ. ಬಡಾವಣೆಯ ಒಳರಸ್ತೆಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಅದರ ಪಕ್ಕದ ಕೋಣೆಯಲ್ಲಿ ಅತ್ತೆ-ಸೊಸೆ ಸೇರಿ ಮಕ್ಕಳ ಹಿಟ್ಟು ಮಾಡಿ ಮಾರುತ್ತಾರೆ. ಬೋರ್ಡು ಇಲ್ಲ, ವಿಚಾರಿಸಿಕೊಂಡೇ ಹೋಗಬೇಕು. ನಮ್ಮ ಮೊಮ್ಮಗಳಿಗೆ ಒಂದು ವರ್ಷ ತುಂಬಿದೆ. ಮಗಳು ಕೆಲಸಕ್ಕೆ ವಾಪಸ್ ಹೋಗಿದ್ದಾಳೆ, ಹಗಲೆಲ್ಲ ಮಗು ನನ್ನ ಹತ್ತಿರ. ರಾಗಿ ಮೊಳಕೆ ಕಟ್ಟಿ ಒಣಗಿಸುವಷ್ಟು ಬಿಸಿಲು ನಮ್ಮ ಮನೆಗೆ ಬೀಳುವುದಿಲ್ಲ, ಹಾಗಾಗಿ ಇವರ ಹತ್ತಿರ ತಂದೆ. ನಾನು ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಮಕ್ಕಳ ಊಟದ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟು.

ಮೊದಲು ಬರೀ ರಾಗಿಯ ಸರಿ ಹಿಟ್ಟು. ಅರ್ಧ ಕೆಜಿಗೆ 140 ರೂಪಾಯಿ. ಇದು ನಿಜಕ್ಕೂ ಚೆನ್ನಾಗಿದೆ. ಚಿಟಿಕೆ ಹಿಟ್ಟು ತೆಗೆದುಕೊಂಡು ಎರಡು ಬೆರಳ ನಡುವೆ ಉಜ್ಜಿ ನೋಡಿ, ತರಿ ಸಿಗುವುದಿಲ್ಲ. ತೆಳು ಬಟ್ಟೆಯಲ್ಲಿ ಸೋಸಿದ್ದಾರೆ, ಹೊಟ್ಟು ಮೇಲೆಯೇ ನಿಂತಿದೆ. ಮೂಸಿದರೆ ಹದವಾಗಿ ಹುರಿದ ವಾಸನೆ ಬರುತ್ತದೆ, ಸೀದ ವಾಸನೆ ಇಲ್ಲ. ರಾಗಿ ತೊಳೆದು, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಆರಿಸಿ ಆಮೇಲೆ ಬಿಸಿಲಿಗೆ ಹಾಕುತ್ತಾರಂತೆ. ಮೊಳಕೆ ಬರುವಾಗ ರಾಗಿಯ ಪಿಷ್ಟ ಸ್ವಲ್ಪ ಒಡೆಯುತ್ತದೆ. ಅದಕ್ಕೇ ಈ ಸರಿ ಅಂಟು ಅಂಟಾಗುವುದಿಲ್ಲ. ಹಿಟ್ಟು ಸ್ವಲ್ಪ ಜಾಸ್ತಿ ಹಾಕಿದರೂ ಮಗು ನುಂಗುವ ಹದದಲ್ಲೇ ಇರುತ್ತದೆ. ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಕೂಡ ಮೊಳಕೆಯಿಂದ ಕಡಿಮೆಯಾಗುತ್ತದೆ. ಇನ್ನು ರಾಗಿಯ ಕ್ಯಾಲ್ಸಿಯಂ ಬಗ್ಗೆ ಹೇಳಬೇಕಾಗಿಯೇ ಇಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಇರುತ್ತದೆ, ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಮಾಡುವಾಗ ಎರಡು ಚಮಚ ಹಿಟ್ಟನ್ನು ತಣ್ಣೀರಲ್ಲೇ ಕಲಸಿಕೊಳ್ಳಿ. ಬಿಸಿ ನೀರಿಗೆ ಹಿಟ್ಟು ಸುರಿದರೆ ಗಂಟಾಗುತ್ತದೆ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಿ. ಬಣ್ಣ ಕಂದಾಗಿ, ಮೇಲೆ ಹೊಳಪು ಬಂದರೆ ಬೆಂದಿದೆ ಅಂತ. ಚಮಚ ಓರೆ ಮಾಡಿದಾಗ ಸರಿ ಅದರಲ್ಲಿ ನಿಲ್ಲಬೇಕು, ನೀರಿನ ಹಾಗೆ ಸುರಿಯಬಾರದು. ನೀರು ನೀರಾದ ಸರಿಯಲ್ಲಿ ಮಗುವಿನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಇಳಿಸುವ ಮುಂಚೆ ಅರ್ಧ ಚಮಚ ತುಪ್ಪ. ಬೆಲ್ಲ ಹಾಕಬೇಡಿ. ಎರಡು ವರ್ಷದವರೆಗೆ ಸಕ್ಕರೆ, ಬೆಲ್ಲ ಎರಡೂ ಬೇಡ ಅಂತಲೇ ಮಕ್ಕಳ ಡಾಕ್ಟರುಗಳು ಹೇಳುವುದು. ಸಿಹಿ ಬೇಕಿದ್ದರೆ ಕಳಿತ ಬಾಳೆಹಣ್ಣು ಕಿವುಚಿ ಹಾಕಿ, ಅದೇ ಸಾಕು.

ಎರಡನೆಯದು ಹುರಿದ ಅಕ್ಕಿ-ಹೆಸರುಬೇಳೆ ನುಚ್ಚು. ನನಗೆ ಇದು ಸರಿ ಹಿಟ್ಟಿಗಿಂತಲೂ ಇಷ್ಟವಾಯಿತು. ಏಕೆಂದರೆ ವರ್ಷ ತುಂಬಿದ ಮಗುವಿಗೆ ದಿನವಿಡೀ ನುಣ್ಣಗಿನದನ್ನೇ ಕೊಡಬಾರದು, ಅಗಿಯುವುದು ಕಲಿಯಬೇಕಲ್ವಾ? ನುಚ್ಚಿನ ಜೊತೆ ಸಣ್ಣಗೆ ಹೆಚ್ಚಿದ ಕ್ಯಾರೆಟ್ಟು, ಒಂದು ಹಿಡಿ ಮೆಂತ್ಯ ಅಥವಾ ಹರಿವೆ ಸೊಪ್ಪು, ಟೊಮೆಟೊ ಹಾಕಿ ಕುಕ್ಕರಿನಲ್ಲಿ ಬೇಯಿಸಿ, ಚಮಚದ ಹಿಂಬದಿಯಿಂದ ಒತ್ತಿದರೆ ಸಾಕು. ಮಿಕ್ಸಿಗೆ ಹಾಕಬೇಡಿ. ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಸೊಪ್ಪು-ಬೇಳೆಯ ಕಬ್ಬಿಣಾಂಶ ಮೈಗೆ ಹತ್ತುವುದು ಹುಳಿ ಹಣ್ಣಿನ ಸಿ ವಿಟಮಿನ್ ಜೊತೆಗಿದ್ದಾಗ. ಅಂಗನವಾಡಿಯಲ್ಲಿ ರಕ್ತ ಕಡಿಮೆಯಾಗಿ ಬಿಳಿಚಿಕೊಂಡ ಎಷ್ಟೋ ಮಕ್ಕಳನ್ನು ಕಂಡಿದ್ದೇನೆ. ಅವರಲ್ಲಿ ಬಹಳ ಮಕ್ಕಳು ಹಾಲು ಮಾತ್ರ ಕುಡಿದು ಊಟ ಬಿಟ್ಟವರು. ಹಸುವಿನ ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಂತೆ ನೋಡಿಕೊಳ್ಳಿ. ತಾಯಿ ಹಾಲು ಎರಡು ವರ್ಷದವರೆಗೂ, ಆಮೇಲೂ ಇರಲಿ.

ಮೂರನೆಯದನ್ನು ನಾನು ತರಬೇಡಿ ಅಂತಲೇ ಹೇಳುತ್ತೇನೆ. ‘ಹದಿನೆಂಟು ಬಗೆ ಪೌಷ್ಟಿಕ ಹಿಟ್ಟು’ ಅಂತ ಬೇರೆ ಪ್ಯಾಕೆಟ್ ಇಟ್ಟಿದ್ದಾರೆ, ಬೆಲೆಯೂ ಜಾಸ್ತಿ. ಚೀಟಿಯಲ್ಲಿ ‘ಧಾನ್ಯ, ಕಾಳು, ಬೇಳೆ’ ಅಂತ ಮಾತ್ರ ಇದೆ. ಕೇಳಿದಾಗ ಶೇಂಗಾ, ಗೋಡಂಬಿ, ಸೋಯಾ, ಸಾಬೂದಾನಿ, ಸಕ್ಕರೆ ಎಲ್ಲ ಇದೆ ಅಂತ ಗೊತ್ತಾಯಿತು. ಶೇಂಗಾ ಕೆಟ್ಟದ್ದಲ್ಲ, ನುಣ್ಣಗೆ ಪುಡಿ ಮಾಡಿ ಕೊಟ್ಟರೆ ಒಳ್ಳೆಯದೇ. ಆದರೆ ಒಂದೊಂದನ್ನೇ ಕೊಟ್ಟು ಮೈಗೆ ಒಗ್ಗುತ್ತದಾ ಅಂತ ನೋಡಬೇಕು. ಹದಿನೆಂಟು ಒಟ್ಟಿಗೆ ಹಾಕಿದ ಮೇಲೆ ಮಗುವಿನ ಮೈಮೇಲೆ ದದ್ದು ಎದ್ದರೆ ಯಾವುದರಿಂದ ಅಂತ ಹೇಳುವವರು ಯಾರು? ಶೇಂಗಾ ಇರುವ ಹಿಟ್ಟಿನ ಚೀಟಿಯಲ್ಲಿ ಶೇಂಗಾ ಅಂತ ಬರೆಯಲೇಬೇಕು. ಸೊಸೆಗೆ ಇದನ್ನು ಹೇಳಿದೆ. ‘ಬರೆಸ್ತೀವಿ ಆಂಟಿ’ ಅಂದಳು. ಬರೆಸಲಿ, ಆಮೇಲೂ ಸಕ್ಕರೆ ತೆಗೆಯುವವರೆಗೆ ನಾನು ಕೊಳ್ಳುವುದಿಲ್ಲ.

ಹಿಟ್ಟು ಎಷ್ಟೇ ಚೆನ್ನಾಗಿರಲಿ, ದಿನಕ್ಕೆ ಒಂದು ಹೊತ್ತಿಗೆ ಸಾಕು. ಈ ವಯಸ್ಸಿನ ಮಗು ಮೂರು-ನಾಲ್ಕು ಸಲ ಉಣ್ಣಬೇಕು, ನಡುವೆ ಒಂದೆರಡು ಸಲ ಹಣ್ಣೋ ಮತ್ತೊಂದೋ ತಿನ್ನಬೇಕು. ಒಂದು ಹೊತ್ತಿಗೆ 250 ಮಿಲಿ ಬಟ್ಟಲಿನ ಮುಕ್ಕಾಲು ಭಾಗದಿಂದ ಪೂರ್ತಿಯವರೆಗೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಸರಿ, ಮಧ್ಯಾಹ್ನ ನುಚ್ಚು. ಸಂಜೆ ಮೊಸರಲ್ಲಿ ಚೆನ್ನಾಗಿ ನೆನೆಸಿದ ಮಂಡಕ್ಕಿ, ಒಗ್ಗರಣೆ ಖಾರ ಏನೂ ಇಲ್ಲದ್ದು. ರಾತ್ರಿ ನಾವು ಉಣ್ಣುವ ಜೋಳದ ರೊಟ್ಟಿಯನ್ನೇ ಖಾರ ಹಾಕುವ ಮುಂಚೆ ತೆಗೆದಿಟ್ಟ ಬೇಳೆಯಲ್ಲಿ ಹಿಸುಕಿ ಕೊಡುತ್ತೇವೆ. ಮೊಟ್ಟೆ ತಿನ್ನುವ ಮನೆಯವರು ಪೂರ್ತಿ ಬೇಯಿಸಿದ ಮೊಟ್ಟೆ ಕೊಡಿ. ಇಡೀ ಶೇಂಗಾ ಬೀಜ, ಇಡೀ ದ್ರಾಕ್ಷಿ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮನೆ ಹತ್ತಿರದ ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆಸಿ, ಪ್ರತಿ ತಿಂಗಳು ತೂಕ ಹಾಕಿಸಿ. ಮೂರು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಪುಷ್ಟಿ ಪುಡಿಯನ್ನೂ ಮನೆಗೆ ಕೊಡುತ್ತಾರೆ.

ಗಿರಣಿಗೆ ಹೋಗುವವರು ಬೆಳಿಗ್ಗೆಯೇ ಹೋಗಿ, ಸಂಜೆಗೆ ನುಚ್ಚು ಖಾಲಿಯಾಗಿರುತ್ತದೆ. ಪ್ಯಾಕೆಟ್ ಮೇಲೆ ಬೀಸಿದ ದಿನ ಪೆನ್ನಲ್ಲಿ ಬರೆದಿರುತ್ತಾರೆ, ಕೆಲವದರಲ್ಲಿ ಅಳಿಸಿಹೋಗಿರುತ್ತದೆ. ಅಂಥದ್ದನ್ನು ವಾಪಸ್ ಕೊಟ್ಟು ಬೇರೆ ಕೇಳಿ, ಬೇಜಾರಿಲ್ಲದೆ ಕೊಡುತ್ತಾರೆ. ಪ್ಲಾಸ್ಟಿಕ್ ಕವರಿಗೆ ಪಿನ್ನು ಹೊಡೆದಿರುವುದರಿಂದ, ಮನೆಗೆ ಬಂದ ಕೂಡಲೇ ಪಿನ್ನು ಜೋಪಾನವಾಗಿ ತೆಗೆದು ಬಿಸಾಡಿ, ಹಿಟ್ಟನ್ನು ಒಣಗಿದ ಸ್ಟೀಲ್ ಡಬ್ಬಿಗೆ ಹಾಕಿಡಿ. ಒಂದು ಸಲಕ್ಕೆ ಅರ್ಧ ಕೆಜಿಗಿಂತ ಜಾಸ್ತಿ ತರಬೇಡಿ.