ಪರದೆಯ ಮೇಲೆ ಕಂಡ ನಂಬರಿಗೆ ಕರೆ ಮಾಡಬೇಡಿ: ಸಕಲೇಶಪುರದ ನಮ್ಮ ಮನೆಯಲ್ಲಿ ಆದದ್ದು

ಹಾಸನ ಜಿಲ್ಲೆಯ ಸಕಲೇಶಪುರದ ಬಳಿ ನಮ್ಮದು ಸಣ್ಣ ಕಾಫಿ ತೋಟ. ಕಳೆದ ಕೊಯ್ಲಿನ ಸಮಯದಲ್ಲಿ ಅಪ್ಪ ಪಹಣಿ ನೋಡಲೆಂದು ಮನೆಯ ಕಂಪ್ಯೂಟರಿನ ಮುಂದೆ ಕುಳಿತಿದ್ದಾಗ, ಹುಡುಕಿದ ಪಟ್ಟಿಯ ಮೇಲ್ತುದಿಯಲ್ಲಿ ಬಂದ ಜಾಹೀರಾತನ್ನೇ ಸರ್ಕಾರದ ಜಾಲತಾಣವೆಂದು ಭಾವಿಸಿ ಒತ್ತಿದರು. ಒಡನೆ ಪರದೆ ತುಂಬ ಎಚ್ಚರಿಕೆಗಳು ಮೂಡಿ, ಸ್ಪೀಕರಿನಲ್ಲಿ ಸೈರನ್ ಮೊಳಗತೊಡಗಿತು. ವೈರಸ್ ತಗುಲಿದೆ, ಕಂಪ್ಯೂಟರ್ ಬಂದ್ ಮಾಡಿದರೆ ಫೈಲುಗಳೆಲ್ಲ ಹೋಗುತ್ತವೆ ಎಂಬ ಇಂಗ್ಲಿಷ್ ಸಾಲುಗಳ ಕೆಳಗೆ ಒಂದು ಫೋನ್ ನಂಬರಿತ್ತು. ಕೂಲಿಯವರ ಲೆಕ್ಕವೆಲ್ಲ ಅದರಲ್ಲೇ ಇದೆಯೆಂಬ ಗಾಬರಿಯಲ್ಲಿ ಅಪ್ಪ ಆ ನಂಬರಿಗೆ ಕರೆ ಮಾಡಿದರು.

ಅಲ್ಲಿಯವರೆಗೆ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಅದು ಪರದೆಯನ್ನೆಲ್ಲ ಆವರಿಸಿಕೊಂಡ ಬ್ರೌಸರಿನ ಒಂದು ಪುಟವಷ್ಟೇ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದು ಪುಟವನ್ನು ಮುಚ್ಚಿದ್ದರೆ, ಅದಾಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನೇ ನಿಲ್ಲಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ.

ಕರೆ ತೆಗೆದುಕೊಂಡವನು ಬಹಳ ವಿನಯದಿಂದ ಮಾತನಾಡಿ, ದೂರದಿಂದ ಕಂಪ್ಯೂಟರನ್ನು ನಡೆಸುವ ತಂತ್ರಾಂಶವೊಂದನ್ನು ಅಪ್ಪನ ಕೈಯಿಂದಲೇ ಹಾಕಿಸಿದ. ಬಳಿಕ ಈವೆಂಟ್ ವ್ಯೂವರ್ ತೆರೆದು, ಅಲ್ಲಿ ಸಾಲಾಗಿದ್ದ ಕೆಂಪು ಗುರುತುಗಳನ್ನು ಒಂದೊಂದಾಗಿ ತೋರಿಸಿ, ಇವೆಲ್ಲ ವೈರಸ್ ಎಂದನಂತೆ. ಹಾಸನದಲ್ಲಿರುವ ನನ್ನ ಕಂಪ್ಯೂಟರಿನಲ್ಲಿಯೂ ನಾನು ಅದನ್ನು ತೆರೆದು ನೋಡಿದೆ. ಅಂಥದೇ ಕೆಂಪು ಗುರುತುಗಳು ಹತ್ತಾರು ಇದ್ದವು. ವಿಂಡೋಸ್ ತನ್ನ ಸಣ್ಣಪುಟ್ಟ ದೋಷಗಳನ್ನು ಬರೆದಿಟ್ಟುಕೊಳ್ಳುವ ದಾಖಲೆ ಅದು. ಚೆನ್ನಾಗಿರುವ ಯಂತ್ರದಲ್ಲೂ ಅವು ಇದ್ದೇ ಇರುತ್ತವೆ. ವೈರಸ್ ತೆಗೆಯಲೆಂದು 4,999 ರೂಪಾಯಿ ಯುಪಿಐ ಮೂಲಕ ಹೋಯಿತು.

ಆಮೇಲಿನ ತಪ್ಪು ನನ್ನದು. ಭಾನುವಾರ ಊರಿಗೆ ಹೋಗಿ ಆ ತಂತ್ರಾಂಶವನ್ನು ತೆಗೆದುಹಾಕಿ, ವಿಂಡೋಸಿನ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರಿನಲ್ಲಿ ಕ್ವಿಕ್ ಸ್ಕ್ಯಾನ್ ನಡೆಸಿ, ಏನೂ ಸಿಗಲಿಲ್ಲವೆಂದು ಬಂದದ್ದನ್ನು ನಂಬಿ ಮರಳಿಬಿಟ್ಟೆ. ನಾಲ್ಕನೆಯ ರಾತ್ರಿ ಅಪ್ಪ ಫೋನ್ ಮಾಡಿ, ತಾವು ಮೌಸ್ ಮುಟ್ಟದಿದ್ದರೂ ಬಾಣದ ಗುರುತು ತಾನಾಗಿಯೇ ಓಡಾಡುತ್ತಿದೆ, ಬ್ಯಾಂಕಿನ ಪುಟ ತೆರೆದುಕೊಂಡಿದೆ ಎಂದರು. ‘ಮೊದಲು ಇಂಟರ್ನೆಟ್ ರೌಟರಿನ ಸ್ವಿಚ್ ಆರಿಸಿ ಅಪ್ಪ’ ಎಂದೆ. ಕರೆ ತೆಗೆದುಕೊಂಡಿದ್ದ ಆ ವಂಚಕ ಮೊದಲ ದಿನವೇ ಬೇರೆ ಹೆಸರಿನ ಇನ್ನೊಂದು ರಿಮೋಟ್ ತಂತ್ರಾಂಶವನ್ನು, ಕಂಪ್ಯೂಟರ್ ಆನ್ ಆದಾಗಲೆಲ್ಲ ಶುರುವಾಗುವಂತೆ, ಇಟ್ಟುಹೋಗಿದ್ದ. ಕಚೇರಿಗಳಲ್ಲಿ ನ್ಯಾಯವಾಗಿಯೇ ಬಳಕೆಯಾಗುವ ತಂತ್ರಾಂಶಗಳಾದ್ದರಿಂದ ಇಂಥವನ್ನು ಆಂಟಿವೈರಸ್ ಹಿಡಿಯದೆ ಬಿಡುವುದುಂಟು. ಹೊರಗಿನವನೊಬ್ಬ ಒಳಗೆ ಬಂದುಹೋದ ಮೇಲೆ ಸ್ಕ್ಯಾನ್ ಒಂದನ್ನೇ ನಂಬಬಾರದೆಂಬುದು ನನಗೆ ಅಂದು ತಿಳಿಯಿತು.

ಆ ರಾತ್ರಿಯೇ ಬ್ಯಾಂಕಿಗೆ ತಿಳಿಸಿ ನೆಟ್ ಬ್ಯಾಂಕಿಂಗ್ ನಿಲ್ಲಿಸಿದೆವು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು. ವಂಚಕರು ಹಣವನ್ನು ಖಾತೆಗಳಿಂದ ಹೊರತೆಗೆಯುವ ಮೊದಲು ದೂರು ತಲುಪಿದರಷ್ಟೇ ತಡೆಹಿಡಿಯಲು ಸಾಧ್ಯ. ನಾವು ತಡಮಾಡಿದ್ದರಿಂದ ಆ 4,999 ಮರಳಲಿಲ್ಲ. ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ನನ್ನ ಫೋನಿನಿಂದ ಬದಲಾಯಿಸಿದೆ, ಏಕೆಂದರೆ ವಂಚಕರು ಹೊಕ್ಕಿದ್ದ ಕಂಪ್ಯೂಟರಿನಲ್ಲೇ ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಅದನ್ನೂ ಅವರ ಕೈಗೆ ಕೊಟ್ಟಂತಾಗುತ್ತದೆ. ಫೋಟೋಗಳನ್ನೂ ಲೆಕ್ಕದ ಹಾಳೆಗಳನ್ನೂ ಮಾತ್ರ ನಕಲು ಮಾಡಿಕೊಂಡು, ತಂತ್ರಾಂಶದ ಫೈಲು ಒಂದನ್ನೂ ಉಳಿಸಿಕೊಳ್ಳದೆ, ಬೇರೆ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವ್‌ನಿಂದ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದೆ.

ಕರೆ ಮಾಡದೆ, ಏನನ್ನೂ ಹಾಕಿಕೊಳ್ಳದೆ, ಪರದೆಯ ಮೂಲೆಯಲ್ಲಿ ವೈರಸ್ ಎಚ್ಚರಿಕೆಗಳು ಪದೇಪದೇ ಬರುತ್ತಿರುವುದಷ್ಟೇ ತೊಂದರೆಯಾಗಿದ್ದರೆ ಫಾರ್ಮ್ಯಾಟ್ ಮಾಡಿಸಲು ಓಡಬೇಡಿ. ಎಂದೋ ಯಾವುದೋ ಜಾಲತಾಣಕ್ಕೆ ನೋಟಿಫಿಕೇಶನ್ ಕಳುಹಿಸಲು ‘ಅಲೌ’ (Allow) ಒತ್ತಿರುವುದರಿಂದಲೇ ಬಹಳಷ್ಟು ಸಲ ಅವು ಬರುತ್ತವೆ. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ನೋಟಿಫಿಕೇಶನ್ ಅನುಮತಿಯ ಪಟ್ಟಿ ತೆರೆದು, ಗುರುತಿಲ್ಲದ ಹೆಸರುಗಳನ್ನು ತೆಗೆದುಹಾಕಿದರೆ ನಿಲ್ಲುತ್ತವೆ.